ನೀಲಮ್ಮನವರ ಸೊಸೆ ಮನೆಯಲ್ಲಿಲ್ಲ

ಬಸವೇಶ್ವರನಗರದ ನೀಲಮ್ಮನವರು ಸುಳ್ಳು ಹೇಳುವ ಹೆಂಗಸಲ್ಲ. ಇದನ್ನು ಅವರೂ ಹೇಳಿಕೊಳ್ಳುತ್ತಿದ್ದರು, ಬೀದಿಯವರೂ ಒಪ್ಪುತ್ತಿದ್ದರು, ಒಪ್ಪದೆ ಗತಿಯೂ ಇರಲಿಲ್ಲ. ಪಕ್ಕದ ಪೋರ್ಷನ್ನಿನ ಬಾಡಿಗೆಯವರು ಪ್ರೀತಿಯಿಂದ ಬಿಸಿಬೇಳೆಬಾತ್ ತಂದುಕೊಟ್ಟರೆ, ತಿಂದು, ಡಬ್ಬಿ ತೊಳೆದು, ವಾಪಸ್ ಕೊಡುವಾಗ "ಹುಣಸೆಹಣ್ಣು ಜಾಸ್ತಿಯಾಗಿತ್ತಮ್ಮ" ಎಂದು ಹೇಳಿಯೇ ಕೊಡುವರು. ಅಂಥವರು ಒಂದೇ ಒಂದು ಸುಳ್ಳನ್ನು ಮಾತ್ರ ವರ್ಷಗಟ್ಟಲೆ ನೀರು ಕುಡಿದಷ್ಟು ಸಲೀಸಾಗಿ ಹೇಳಿಕೊಂಡು ಬಂದರು. ಗೇಟಿನ ಹತ್ತಿರ ಯಾರಾದರೂ ನಿಂತು ಸೊಸೆಯನ್ನು ಕೇಳಿದರೆ ಸಾಕು, "ಮನೇಲಿಲ್ಲ, ಊರಿಗೆ ಹೋಗಿದಾಳೆ." ಸೊಸೆಯ ಊರು ಇರುವುದು ಇಥಿಯೋಪಿಯಾದಲ್ಲಿ. ಅಲ್ಲಿಗೆ ಹೋಗಿಬರುವುದು ಮಾಗಡಿಗೆ ಹೋಗಿಬಂದ ಹಾಗಲ್ಲ ಎನ್ನುವುದು ಕೇಳಿದವರಿಗೂ ಗೊತ್ತಿತ್ತು. ಆದರೆ ನೀಲಮ್ಮನವರ ಮುಖ ನೋಡಿದ ಮೇಲೆ ಎರಡನೆಯ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಸೊಸೆಯ ಹೆಸರು ಯೆಶಿ. ಅಡಿಸ್ ಅಬಾಬಾದಿಂದ ಅರ್ಧ ದಿನ ಬಸ್ಸಿನಲ್ಲಿ ಕೂತು ಹೋಗಬೇಕಾದ ಬೆಟ್ಟದ ಊರಿನವಳು. ನಮ್ಮಲ್ಲಿ ಮಕ್ಕಳು ಟ್ಯೂಷನ್ನಿಗೆ ಹೋದ ಹಾಗೆ ಅಲ್ಲಿ ಬೆಳಗಾಗೆದ್ದು ಓಡಲು ಹೋಗುತ್ತಾರಂತೆ. ಹತ್ತು ಮೈಲಿ ಓಡಿದವರೂ ಅಲ್ಲಿ ಲೆಕ್ಕಕ್ಕಿಲ್ಲ. ಅಷ್ಟೊಂದು ಜನ ಚೆನ್ನಾಗಿ ಓಡುವ ದೇಶದಲ್ಲಿ ದೇಶದ ತಂಡಕ್ಕೆ ಸೇರುವುದು ಕನಸಿನ ಮಾತು. ಸೇರಲಾಗದವರು ಬಹುಮಾನ ಎಲ್ಲಿದೆಯೋ ಅಲ್ಲಿಗೆ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಹಾಗೆ ಬೆಂಗಳೂರಿನ ಒಂದು ರಸ್ತೆ ಓಟಕ್ಕೆ ಬಂದ ಯೆಶಿ ಅರ್ಧ ದಾರಿಯಲ್ಲಿ ಕಾಲು ಹಿಡಿದುಕೊಂಡು ಕೂತಳು. ಮೊಣಕಾಲಿನ ಕೆಳಗಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿತ್ತು. ಜೊತೆಗೆ ಬಂದವರು ಅವಳನ್ನು ಉಲ್ಲಾಳ ಉಪನಗರದ ಒಂದು ಪಿ.ಜಿ.ಯಲ್ಲಿ ಬಿಟ್ಟು ಮುಂದಿನ ಓಟಕ್ಕೆ ಹೈದರಾಬಾದಿಗೆ ಹೊರಟುಹೋದರು. ನೀಲಮ್ಮನವರ ಮಗ ಶಿವಕಿರಣ್ ಅಲ್ಲೇ ಹತ್ತಿರ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟಿದ್ದ. "ಕಾಲೇನೋ ಸರಿ ಮಾಡಿದ, ಅಷ್ಟಕ್ಕೇ ಬಿಡಬಾರದಾಗಿತ್ತೇ" ಎಂದು ನೀಲಮ್ಮನವರು ಮೊದಮೊದಲು ಹಲುಬುತ್ತಿದ್ದರು.

ಯಜಮಾನರು ಜಂಬಣ್ಣನವರು ತೀರಿಕೊಂಡು ವರ್ಷವಾಗಿತ್ತು. ಬೇಡ ಎನ್ನಬೇಕಾದವರು ತಾವೊಬ್ಬರೇ, ಎದುರಿಗೆ ನಿಂತವನು ಒಬ್ಬನೇ ಮಗ. ಕೊನೆಗೆ ಲಿಂಗಧಾರಣೆ ಆಗದೆ ಮದುವೆ ಇಲ್ಲ ಎಂದು ಪಟ್ಟು ಹಿಡಿದರು. ಹಾಗಾದರೂ ಹುಡುಗಿ ಹಿಂದೆ ಸರಿಯಲಿ ಎಂಬ ಆಸೆ. ಅವಳು ಆಗಲಿ ಎಂದು ತಲೆಯಾಡಿಸಿ ಕೂತುಬಿಟ್ಟಳು. ಸ್ವಾಮಿಗಳು ನೋಡಿದರೆ ಅವಳ ಕೊರಳಲ್ಲಿ ಆಗಲೇ ಒಂದು ಕಪ್ಪು ದಾರ, ಅದರಲ್ಲೊಂದು ಮರದ ಶಿಲುಬೆ. "ತೆಗೆಸಬೇಕಾ ಬುದ್ಧಿ?" ಎಂದು ನೀಲಮ್ಮನವರು ಮೆತ್ತಗೆ ಕೇಳಿದರು. "ಇದ್ದದ್ದು ಇರಲಿ ತಾಯಿ, ಕೊರಳಲ್ಲಿ ಇನ್ನೂ ಜಾಗ ಇದೆಯಲ್ಲ" ಎಂದು ಸ್ವಾಮಿಗಳು ಲಿಂಗ ಕಟ್ಟಿಬಿಟ್ಟರು. ಅವರಿಗೆ ಅಷ್ಟು ಸುಲಭವಾದದ್ದು ನೀಲಮ್ಮನವರಿಗೆ ಆಗಲಿಲ್ಲ.

ಸೊಸೆ ಬಂದ ಹೊಸತರಲ್ಲಿ ದಾವಣಗೆರೆಯಿಂದ ನಾದಿನಿ ಇಂದ್ರಮ್ಮ ಹೇಳದೆ ಕೇಳದೆ ಬಂದಿಳಿದರು. ಮದುವೆಗೆ ಬರದವರು. ಬಂದವರ ಬಾಯಲ್ಲಿ ವರ್ಣನೆ ಕೇಳಿ ನಿದ್ದೆ ಬಾರದೆ ಬಂದವರು. ಚಪ್ಪಲಿ ಬಿಡುವ ಮೊದಲೇ, "ಎಲ್ಲಿ ಅತ್ತಿಗೆ ನಿಮ್ ಸೊಸಿ? ನೋಡಾಕಂತನೇ ಬಂದೀನಿ" ಎಂದರು. ನೀಲಮ್ಮನವರ ಕಣ್ಣ ಮುಂದೆ ದಾವಣಗೆರೆಯ ಬಳಗವೆಲ್ಲ ಸಾಲಾಗಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕ ಹಾಗಾಯಿತು. "ಮನೇಲಿಲ್ಲ" ಎಂದುಬಿಟ್ಟರು. ಯೆಶಿ ಮಹಡಿಯ ಕೋಣೆಯಲ್ಲಿದ್ದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು, ಅರ್ಧಕ್ಕೆ ನಿಂತಿತು, ಆಮೇಲೆ ಮೇಲಕ್ಕೇ ಹೋಯಿತು. ಇಂದ್ರಮ್ಮ ಉಂಡು, ಒಂದು ನಿದ್ದೆ ತೆಗೆದು, ಕಾಫಿ ಕುಡಿದು ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಆಮೇಲೆ ಯೆಶಿ ಕೆಳಗೆ ಬಂದು ಆರಿದ ರೊಟ್ಟಿ ಹಾಕಿಕೊಂಡು ತಿಂದಳು. ಅವಳಿಗಿನ್ನೂ ಕನ್ನಡ ಬರುವುದಿಲ್ಲ, ಏನೂ ಅರ್ಥವಾಗಿರಲಿಕ್ಕಿಲ್ಲ ಎಂದು ನೀಲಮ್ಮನವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಸಮಾಧಾನವೂ ಆಯಿತು, ಏಕೆಂದರೆ ಮುಂದಿನ ನೆಂಟರು ಬಂದಾಗ ಅದೇ ಮಾತು ಇನ್ನೂ ಸುಲಭವಾಗಿ ಬಂತು.

ಆದರೆ ಒಂದೇ ಸೂರಿನ ಕೆಳಗೆ ಇದ್ದುಕೊಂಡು ಎಷ್ಟು ದಿನ ಮುಖ ತಿರುಗಿಸಿಕೊಂಡಿರಲು ಆಗುತ್ತದೆ? ಯೆಶಿ ಜೋಳದ ರೊಟ್ಟಿ ತಟ್ಟಲು ಕಲಿತಳು. ಮೊದಮೊದಲು ಅವಳು ತಟ್ಟಿದ ರೊಟ್ಟಿಗೆ ನಾಲ್ಕೂ ಕಡೆ ಮೂಲೆ ಇರುತ್ತಿತ್ತು, ಆಮೇಲಾಮೇಲೆ ನೀಲಮ್ಮನವರ ರೊಟ್ಟಿಗಿಂತ ತೆಳ್ಳಗಾಯಿತು. ಭಾನುವಾರ ಹಸಿ ಕಾಫಿಬೀಜ ಹುರಿದು ತನ್ನ ಊರಿನ ರೀತಿ ಕಾಫಿ ಮಾಡುವಳು. "ಕಷಾಯ ಇದು, ಕಾಫಿಯಲ್ಲ" ಎನ್ನುತ್ತಲೇ ನೀಲಮ್ಮನವರು ಎರಡನೆಯ ಲೋಟಕ್ಕೆ ಕೈ ಚಾಚುವರು. ಚಳಿಗಾಲದಲ್ಲಿ ಅತ್ತೆಯ ಮಂಡಿ ಹಿಡಿದುಕೊಂಡರೆ, ಓಟಗಾರರು ತಮ್ಮ ಕಾಲಿಗೆ ಮಾಡಿಕೊಳ್ಳುವ ಉಪಚಾರವನ್ನೆಲ್ಲ ಸೊಸೆ ಆ ಮಂಡಿಗೆ ಮಾಡುವಳು. ಮಂಡಿ ಎತ್ತಿಕೊಟ್ಟು ಕೂತ ನೀಲಮ್ಮನವರಿಗೆ ಅವಳ ಬಣ್ಣದ ಯೋಚನೆ ಯಾವಾಗ ಬಿಟ್ಟುಹೋಯಿತೋ ಅವರಿಗೇ ಗೊತ್ತಾಗಲಿಲ್ಲ.

ನಾಚಿಕೆ ಹೋದ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಒಂದು ಸಲ ವೀಸಾ ಮುಂದುವರಿಸುವ ಕಾಗದ ಬರುವುದು ತಡವಾಯಿತು. ಮಫ್ತಿಯಲ್ಲಿ, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ವಿಚಾರಿಸಲು ಬಂದ ಪೊಲೀಸಿನವರೊಬ್ಬರು ಕಾಫಿ ಕುಡಿದು ಏಳುವಾಗ, "ಕಾಗದ ಬರ್ಲಿಲ್ಲಾಂದ್ರೆ ವಾಪಸ್ ಕಳಿಸ್ಬೇಕಾಗುತ್ತೆ ಅಮ್ಮ, ರೂಲ್ಸು" ಎಂದು ಹೇಳಿಹೋದರು. ಅವರಿಗೆ ಅದು ದಿನನಿತ್ಯದ ಮಾತು. ಕಾಗದ ಬಂತು, ವೀಸಾವೂ ಮುಂದುವರಿಯಿತು, ಆದರೆ ಆ ಮಾತು ನೀಲಮ್ಮನವರ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು, ಸೊಸೆಯ ಪೂರ್ತಿ ಹೆಸರು ಹೇಳಿ ಕೇಳುವವರು ಯಾರೇ ಬರಲಿ, "ಮನೇಲಿಲ್ಲ, ಊರಿಗೆ ಹೋಗಿದಾಳೆ." ಅವಳನ್ನು ಮುಚ್ಚಿಡಲು ಕಲಿತ ಸುಳ್ಳು ಅವಳನ್ನು ಉಳಿಸಿಕೊಳ್ಳಲು ಕೆಲಸಕ್ಕೆ ಬಂತು.

ಇತ್ತ ಯೆಶಿಯ ಓಟ ಯಾವ ದೇಶದ್ದೂ ಆಗದೆ ನಡೆದಿತ್ತು. ಬಿಟ್ಟುಬಂದ ದೇಶಕ್ಕೆ ಅವಳು ಬೇಕಿರಲಿಲ್ಲ, ಬಂದ ದೇಶಕ್ಕೆ ಅವಳಿನ್ನೂ ಹೊರಗಿನವಳು. ನಸುಕಿಗೇ ಎದ್ದು ಸ್ಕೂಟರಿನಲ್ಲಿ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಹೋಗಿ ಅಲ್ಲಿ ಮರಗಳ ನಡುವಿನ ರಸ್ತೆಯಲ್ಲಿ ಓಡುವಳು. ಮೈಸೂರು, ಹುಬ್ಬಳ್ಳಿ, ಪುಣೆ, ಎಲ್ಲಿ ರಸ್ತೆ ಓಟವಿದ್ದರೂ ಹೋಗುವಳು, ಗೆಲ್ಲುವಳು. ಪೇಪರಿನಲ್ಲಿ 'ವಿದೇಶಿ ಓಟಗಾರ್ತಿ' ಎಂದು ಹಾಕುವರು. ಅದನ್ನು ಓದಿ ನೀಲಮ್ಮನವರಿಗೆ ಮೈ ಉರಿಯುತ್ತಿತ್ತು. "ಬಸವೇಶ್ವರನಗರ ಯಾವಾಗಿಂದ ವಿದೇಶ ಆಯ್ತಂತೆ?" ಎಂದು ಬೈಯುವರು. ಏಳೆಂಟು ವರ್ಷ ಅಲೆದ ಮೇಲೆ ಪೌರತ್ವ ಸಿಕ್ಕಿತು. ಸಿಕ್ಕ ದಿನ ನೀಲಮ್ಮನವರು ಹೋಳಿಗೆ ಮಾಡಿ ಬೀದಿಗೆಲ್ಲ ಹಂಚಿದರು. ಆದರೆ ದೇಶ ಬದಲಾಯಿಸಿದ ಓಟಗಾರರು ಹೊಸ ದೇಶದ ಪರವಾಗಿ ಓಡಬೇಕಾದರೆ ಇನ್ನೂ ಮೂರು ವರ್ಷ ಕಾಯಬೇಕೆಂಬ ಅಂತರರಾಷ್ಟ್ರೀಯ ಕ್ರೀಡಾಸಂಸ್ಥೆಯ ನಿಯಮ ಬೇರೆ ಇತ್ತು. "ಸರ್ಕಾರದವರು ಒಪ್ಪಿದರೂ ಇವರದೇನು ಅಧಿಕಪ್ರಸಂಗ" ಎಂದು ನೀಲಮ್ಮನವರು ಕೂಗಾಡಿದರು. ಯೆಶಿ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಕೊನೆಗೂ ಭಾರತದ ಬನಿಯನ್ ಮೈಮೇಲೆ ಬಂತು. ನೇಪಾಳದಲ್ಲಿ ನಡೆದ ಒಂದು ಗುಡ್ಡಗಾಡು ಓಟದಲ್ಲಿ ಮೂರನೆಯವಳಾಗಿ ಬಂದಳು. ನೀಲಮ್ಮನವರು ಆ ನೀಲಿ ಬನಿಯನ್ನನ್ನು ಒಗೆದು, ತಾರಸಿಯಲ್ಲಿ ಹಗ್ಗವಿದ್ದರೂ, ಬೀದಿಗೆ ಕಾಣುವ ಹಾಗೆ ಮುಂದಿನ ಗ್ರಿಲ್ಲಿಗೆ ಹರವಿದರು. ಒಣಗಿದ ಮೇಲೂ ಎರಡು ದಿನ ತೆಗೆಯಲಿಲ್ಲ. ಮುಂದಿನ ಜನವರಿಯಲ್ಲಿ ಮುಂಬೈ ಮ್ಯಾರಥಾನಿನಲ್ಲಿ ಚೆನ್ನಾಗಿ ಓಡಿದಳು, ಏಷ್ಯನ್ ಗೇಮ್ಸಿನ ಪಟ್ಟಿಯಲ್ಲಿ ಹೆಸರು ಬಂತು. ವಯಸ್ಸು ಮೂವತ್ತೈದು ದಾಟುತ್ತಿತ್ತು. ಮುಂದಿನ ಏಷ್ಯನ್ ಗೇಮ್ಸಿಗೆ ನಾಲ್ಕು ವರ್ಷ. ಇದೇ ಮೊದಲು, ಇದೇ ಕೊನೆ ಎನ್ನುವುದು ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

ದೇಶದ ಪಟ್ಟಿಗೆ ಸೇರಿದವರಿಗೆ ಇನ್ನೊಂದು ಕಾಟವಿದೆ. ಉದ್ದೀಪನ ಮದ್ದು ತೆಗೆದುಕೊಂಡಿದ್ದಾರೆಯೇ ಎಂದು ಪರೀಕ್ಷಿಸುವವರು ಹೇಳದೆ ಬರುತ್ತಾರೆ. ದಿನಕ್ಕೆ ಒಂದು ಗಂಟೆ, ನಾನು ಇಂಥಲ್ಲಿ ಇರುತ್ತೇನೆ ಎಂದು ಓಟಗಾರರು ಮೊದಲೇ ಫೋನಿನಲ್ಲಿ ತಿಳಿಸಿರಬೇಕು. ಆ ಗಂಟೆಯಲ್ಲಿ ಅವರು ಬಂದಾಗ ಸಿಗದಿದ್ದರೆ ಒಂದು ತಪ್ಪು. ಒಂದು ವರ್ಷದೊಳಗೆ ಮೂರು ತಪ್ಪಾದರೆ, ಮದ್ದು ಮುಟ್ಟದವರಿಗೂ ನಿಷೇಧ. ಯೆಶಿಗೆ ಆಗಲೇ ಎರಡಾಗಿತ್ತು. ಒಮ್ಮೆ ಊಟಿಯ ಶಿಬಿರದಿಂದ ಒಂದು ದಿನ ಮೊದಲೇ ಹೊರಟವಳು ಫೋನಿನಲ್ಲಿ ಬದಲಾಯಿಸಲು ಮರೆತಿದ್ದಳು. ಇನ್ನೊಮ್ಮೆ ರೈಲು ತಡವಾಗಿತ್ತು. "ಇನ್ನೊಂದ್ ಸಲ ತಪ್ಪಿದ್ರೆ ಎಲ್ಲಾ ಮುಗೀತು ಅಮ್ಮ" ಎಂದು ಶಿವಕಿರಣ್ ತಾಯಿಗೆ ಬಿಡಿಸಿ ಹೇಳಿದ್ದ. ನೀಲಮ್ಮನವರು ಹೂಂ ಎಂದಿದ್ದರು. ತಮ್ಮ ಸಕ್ಕರೆ ಪರೀಕ್ಷೆಗೆ ಲ್ಯಾಬಿನಿಂದ ಸ್ಕೂಟರಿನಲ್ಲಿ ಡಬ್ಬಿ ಇಟ್ಟುಕೊಂಡು ಹುಡುಗ ಬರುತ್ತಾನಲ್ಲ, ಇವರೂ ಹಾಗೇ ಬಿಳಿ ಕೋಟು ಹಾಕಿಕೊಂಡು ಬರುತ್ತಾರೆಂದು ಅವರ ಎಣಿಕೆ. ಪರೀಕ್ಷೆಯವರು ಅಲ್ಲಿಯವರೆಗೆ ಬಂದದ್ದೆಲ್ಲ ಶಿಬಿರಕ್ಕೆ, ಮನೆಗೆ ಬಂದಿರಲಿಲ್ಲ.

ಅವರು ಬಂದದ್ದು ಒಂದು ಸೋಮವಾರ. ಸೋಮವಾರ ಯೆಶಿಗೆ ಓಟಕ್ಕೆ ರಜ, ಬೆಳಗಿನ ಆ ಒಂದು ಗಂಟೆ ಮನೆಯಲ್ಲೇ ಇರುತ್ತೇನೆಂದು ತಿಳಿಸಿದ್ದಳು. ಶಿವಕಿರಣ್ ಬೇರೊಂದು ತಂಡದ ಫಿಸಿಯೋ ಆಗಿ ಪಟಿಯಾಲಕ್ಕೆ ಹೋಗಿದ್ದ. ನೀಲಮ್ಮನವರು ವಿಭೂತಿ ಹಚ್ಚಿಕೊಂಡು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆಯುತ್ತಿದ್ದರು. ಕಾರು ನಿಂತಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ಕೊರಳಲ್ಲೂ ಐಡಿ ಕಾರ್ಡು. ಗಂಡಸು ಪಾಸ್‌ಪೋರ್ಟಿನಲ್ಲಿರುವ ಹಾಗೆ ಯೆಶಿಯ ಉದ್ದನೆಯ ಹೆಸರನ್ನು ಪೂರ್ತಿ ಓದಿ, ಹಿಂದಿಯಲ್ಲಿ, ಮನೆಯಲ್ಲಿದ್ದಾರಾ ಎಂದು ಕೇಳಿದ. ನೀಲಮ್ಮನವರ ಕೈ ರಂಗೋಲಿಯಲ್ಲೇ ಇತ್ತು, ಬಾಯಿ ತನ್ನ ಕೆಲಸ ಮಾಡಿತು.

"ಮನೇಲಿಲ್ಲ. ಊರಿಗೆ ಹೋಗಿದಾಳೆ."

"ಯಾವಾಗ ಬರ್ತಾರೆ?" ಎಂದು ಆ ಹೆಂಗಸು ಕನ್ನಡದಲ್ಲಿ ಕೇಳಿದಳು.

"ಗೊತ್ತಿಲ್ಲಮ್ಮ. ದೂರದ ಊರು."

ಅವರು ಕಾರಿನಲ್ಲೇ ಕೂತು ಕಾದರು. ನೀಲಮ್ಮನವರಿಗೆ ಅನುಮಾನ ಇನ್ನೂ ಬಲವಾಯಿತು, ಒಳಗೆ ಹೋಗಿ ಬಾಗಿಲ ಚಿಲಕ ಹಾಕಿದರು. ಹೇಳಿದ ಗಂಟೆ ಮುಗಿಯುವ ಮುಂಚೆ ಅವರು ಫೋನನ್ನೂ ಮಾಡಿದರಂತೆ. ಯೆಶಿಯ ಫೋನು ಹಾಲಿನಲ್ಲಿ ಚಾರ್ಜಿಗೆ ಸಿಕ್ಕಿಸಿತ್ತು, ಸದ್ದು ಮಾಡದಂತೆ ಇಟ್ಟಿತ್ತು. ಕಾರು ಹೋದದ್ದನ್ನು ಕಿಟಕಿಯಿಂದ ನೋಡಿ ನೀಲಮ್ಮನವರು ಶಿವನೇ ಎಂದು ಉಸಿರು ಬಿಟ್ಟು ಅವಲಕ್ಕಿ ನೆನೆಹಾಕಿದರು.

ಯೆಶಿ ಕೆಳಗೆ ಬಂದು ಫೋನು ನೋಡಿದಳು. ನೋಡುತ್ತ ನಿಂತವಳು ಮೆಟ್ಟಿಲ ಮೇಲೆ ಕೂತಳು.

"ಅಮ್ಮ, ಬೆಳಗ್ಗೆ ಬಂದಿದ್ರಲ್ಲ, ಅವರು ಯಾರು?"

"ಪೊಲೀಸಿನವರು ಕಣೇ. ಕಳಿಸಿಬಿಟ್ಟೆ, ನೀನೇನೂ ಯೋಚನೆ ಮಾಡಬೇಡ."

"ಪೊಲೀಸ್ ಅಲ್ಲ ಅಮ್ಮ. ಟೆಸ್ಟಿನವರು."

ಒಂದು ಕ್ಷಣ ನೀಲಮ್ಮನವರಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಸೌಟು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಓಡಿದರು. ಬರಿಗಾಲಲ್ಲಿ, ಆ ಮಂಡಿ ಇಟ್ಟುಕೊಂಡು, ಮೇನ್ ರೋಡಿನವರೆಗೆ. ಕಾರು ಎಲ್ಲಿರಬೇಕು? ಯೆಶಿ ಹಿಂದಿನಿಂದ ಬಂದು, ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದಳು. ಒಂದು ಮಾತು ಬೈದಿದ್ದರೆ ನೀಲಮ್ಮನವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ತಪ್ಪು ದಾಖಲಾಯಿತು. ವಿಚಾರಣೆಗೆ ದಿನ ಗೊತ್ತಾಯಿತು. ಶಿವಕಿರಣ್ ಪಟಿಯಾಲದಿಂದ ಬಂದವನು ತಾಯಿಯ ಮುಖವನ್ನೂ ನೋಡದೆ ವಕೀಲರನ್ನು ಹುಡುಕಿದ. ರಾಜಾಜಿನಗರದ ರಾಗಿಣಿ ಎಂಬ ವಕೀಲೆ ಮನೆಗೇ ಬಂದು, ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ನೋಡಿ, ದಾರಿ ಇದೆ. ಯೆಶಿ ಮನೇಲೇ ಇದ್ರು, ಅಂದ್ರೆ ಅವರ ಕಡೆಯಿಂದ ತಪ್ಪಿಲ್ಲ. ಆಂಟಿ, ನೀವು ಪೊಲೀಸಿನವರು ಅಂತ ಹೆದರಿ ಹಾಗಂದ್ರಿ. ಅಷ್ಟೇ ಹೇಳಿ, ಜಾಸ್ತಿ ಬೇಡ. ಯೆಶಿ, ನೀವು ಮಲಗಿದ್ರಿ, ನಿಮಗೇನೂ ಕೇಳಿಸ್ಲಿಲ್ಲ. ಹೌದು ತಾನೇ?"

ಯೆಶಿ ತಲೆಯಾಡಿಸಿದಳು. ರಾಗಿಣಿ ಬರೆದುಕೊಂಡರು. ಅಷ್ಟು ದಿನಗಳಲ್ಲಿ ಮೊದಲ ಸಲ ಶಿವಕಿರಣ್ ತಾಯಿಯ ಜೊತೆ ಕೂತು ಊಟ ಮಾಡಿದ.

ವಿಚಾರಣೆ ಕಂಪ್ಯೂಟರಿನಲ್ಲೇ ನಡೆಯಿತು. ಹಾಲಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರೊಳಗೆ ತೀರ್ಪು ಹೇಳುವ ಮೂವರು, ಪರೀಕ್ಷೆಯ ಕಡೆಯ ವಕೀಲರು, ಕನ್ನಡದ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಒಬ್ಬಳು ಹುಡುಗಿ. ನೀಲಮ್ಮನವರು ಇಳಕಲ್ ಸೀರೆ ಉಟ್ಟು ಕೂತಿದ್ದರು. ಪಕ್ಕದಲ್ಲಿ ಯೆಶಿ, ಆಚೆ ಬದಿಗೆ ರಾಗಿಣಿ. ಶಿವಕಿರಣ್ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಪೊಲೀಸಿನವರೆಂದು ತಿಳಿದು ಹಾಗೆ ಹೇಳಿದೆ ಎಂದು ನೀಲಮ್ಮನವರು ಹೇಳಿದರು. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಆಗ ಎದುರು ಕಡೆಯ ವಕೀಲರು ಸಾವಕಾಶವಾಗಿ ಕೇಳಿದರು. ನಿಮ್ಮ ಸೊಸೆಗೆ ಪೌರತ್ವ ಸಿಕ್ಕಿ ವರ್ಷಗಳೇ ಆಗಿವೆ, ಇನ್ನೇನು ಹೆದರಿಕೆ?

"ಅಭ್ಯಾಸ ಆಗಿಹೋಗಿತ್ತು" ಎಂದರು ನೀಲಮ್ಮನವರು.

ಈ ಅಭ್ಯಾಸ ಶುರುವಾದದ್ದು ಯಾವಾಗ? ಪೊಲೀಸಿನವರು ಬರಲು ಶುರುವಾದಾಗಲೇ?

ರಾಗಿಣಿ ಮೇಜಿನ ಕೆಳಗೆ ಅವರ ಕೈ ಅದುಮಿದರು. ಹೌದು ಎಂದರೆ ಮುಗಿದುಹೋಗುತ್ತಿತ್ತು. ಆದರೆ ಸೊಸೆಯ ಓಟ ನಿಂತು ಕೂತಿರುವುದು ಪೊಲೀಸಿನವರ ದೆಸೆಯಿಂದಲ್ಲ ಎಂದು ನೀಲಮ್ಮನವರಿಗೆ ಆ ವಾರಗಳಲ್ಲಿ ಗೊತ್ತಾಗಿಹೋಗಿತ್ತು. ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಅನ್ನ ಇಳಿಯುತ್ತಿರಲಿಲ್ಲ.

"ಇಲ್ಲ" ಎಂದರು. "ಅದಕ್ಕೂ ಮುಂಚೆ. ಇವಳು ಬಂದ ಹೊಸದರಲ್ಲಿ ನಮ್ಮ ನಾದಿನಿ ನೋಡೋಕೆ ಬಂದ್ರು. ನನಗೆ ನಾಚಿಕೆ ಆಯ್ತು. ಇವಳ ಬಣ್ಣಕ್ಕೆ, ಇವಳ ಕೂದಲಿಗೆ. ಜನ ನಗ್ತಾರೆ ಅಂತ ಮನೇಲಿಲ್ಲ ಅಂದೆ. ಆಮೇಲೆ ಬಂದ ನೆಂಟರಿಗೂ ಹಾಗೇ ಅಂದೆ. ಪೊಲೀಸಿನವರಿಗೆ ಹೆದರಿದ್ದು ಆಮೇಲಿನ ಮಾತು. ಶುರು ಮಾಡಿದ್ದು ನಾಚಿಕೆಗೆ. ನನಗೆ ಇವಳ ಬಗ್ಗೆ ನಾಚಿಕೆ ಆಗ್ತಿತ್ತು."

ಹುಡುಗಿ ಅದನ್ನು ಇಂಗ್ಲಿಷಿಗೆ ಹೇಳುವಾಗ ಎರಡು ಸಲ ತಡವರಿಸಿದಳು. ನೀಲಮ್ಮನವರು ಪಕ್ಕಕ್ಕೆ ತಿರುಗಲಿಲ್ಲ. ತಿರುಗಿದ್ದರೆ ಅತ್ತುಬಿಡುತ್ತಿದ್ದರು.

ಆಮೇಲೆ ಯೆಶಿಯ ಸರದಿ. ಮೂವರಲ್ಲಿ ನಡುವೆ ಕೂತ ಹಿರಿಯರು ಮರ್ಯಾದೆಯಿಂದಲೇ ಕೇಳಿದರು. ನೀವು ಆ ಹೊತ್ತಿಗೆ ನಿದ್ದೆಯಲ್ಲಿದ್ದಿರಿ, ಅತ್ತೆಯವರು ಹೇಳಿದ್ದು ನಿಮಗೆ ಕೇಳಿಸಲಿಲ್ಲ ಎಂದು ಬರೆದುಕೊಟ್ಟಿದ್ದೀರಿ, ಅದು ಸರಿ ತಾನೇ? ಯೆಶಿಗೆ ಇಂಗ್ಲಿಷ್ ಬರುತ್ತಿತ್ತು. ಆದರೂ, ಕನ್ನಡದಲ್ಲಿ ಹೇಳಬಹುದೇ, ಅಮ್ಮನಿಗೂ ತಿಳಿಯಬೇಕು ಎಂದು ಕೇಳಿ ಒಪ್ಪಿಗೆ ಪಡೆದಳು.

"ಸರಿ ಅಲ್ಲ ಸಾರ್. ನಾನು ಎದ್ದಿದ್ದೆ. ಕಿಟಕಿ ಹತ್ರ ಕೂತು ಶೂಸ್ ಒರೆಸ್ತಾ ಇದ್ದೆ. ಅಮ್ಮ ಮನೇಲಿಲ್ಲ ಅಂದಿದ್ದು ಕೇಳಿಸ್ತು."

ರಾಗಿಣಿ ಕಣ್ಣು ಮುಚ್ಚಿಕೊಂಡರು.

"ಕೇಳಿಸಿದ ಮೇಲೆ ಕೆಳಗೆ ಯಾಕೆ ಬರಲಿಲ್ಲ?"

"ಅಮ್ಮ ಹಾಗಂದ್ರೆ ನಾನು ಬರಬಾರದು ಅಂತ ಅರ್ಥ ಸಾರ್. ಈ ಮನೇಲಿ ನಾನು ಕಲಿತ ಮೊದಲನೇ ಕನ್ನಡ ಅದೇ. ಆಗಿಂದ ಹಾಗೇ ಮಾಡ್ತಾ ಬಂದಿದೀನಿ. ಅವತ್ತೂ ಯಾರೋ ನೆಂಟರು ಇರಬೇಕು ಅಂತ ಸುಮ್ಮನೆ ಕೂತೆ. ಒಂದು ಸಲ ಕಿಟಕಿಯಿಂದ ಬಗ್ಗಿ ನೋಡಿದ್ರೆ ಕಾರು ಕಾಣ್ತಿತ್ತು. ನೋಡಲಿಲ್ಲ."

ತೀರ್ಪು ಬರಲು ಎರಡು ವಾರ ಹಿಡಿಯಿತು. ಮೋಸದ ಉದ್ದೇಶವಿಲ್ಲ, ಆದರೆ ಅಜಾಗರೂಕತೆ ಇದೆ ಎಂದು ಒಂದು ವರ್ಷದ ನಿಷೇಧ. ಅದಕ್ಕಿಂತ ಕಡಿಮೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಏಷ್ಯನ್ ಗೇಮ್ಸಿನ ಪಟ್ಟಿಯಿಂದ ಯೆಶಿಯ ಹೆಸರು ಹೋಯಿತು, ಕೇರಳದ ಹುಡುಗಿಯೊಬ್ಬಳ ಹೆಸರು ಬಂತು. ಶಿವಕಿರಣ್ ಸ್ಕೂಟರ್ ತೆಗೆದುಕೊಂಡು ಕ್ಲಿನಿಕ್ಕಿಗೆ ಹೋದ.

ಯೆಶಿ ಅಡಿಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನೀಲಮ್ಮನವರು ಬಾಗಿಲಲ್ಲಿ ಬಂದು ನಿಂತರು. ದುಃಖ ಸಿಟ್ಟಾಗಿ ಹೊರಗೆ ಬಂತು.

"ಮಲಗಿದ್ದೆ ಅಂತ ಒಂದು ಮಾತು ಹೇಳೋಕೆ ನಿನಗೇನೇ ಬಂದಿತ್ತು ರೋಗ? ನಾನು ನಿಜ ಹೇಳಿದ್ದು ತಪ್ಪೆಲ್ಲ ನನ್ನ ತಲೆ ಮೇಲೆ ಬರಲಿ, ನೀನು ಉಳಕೋ ಅಂತ ಕಣೇ. ನೀನು ಹೋಗಿ ಎಲ್ಲಾ ಮಣ್ಣುಪಾಲು ಮಾಡಿದೆಯಲ್ಲೇ!"

ಯೆಶಿ ಹಿಟ್ಟಿನ ಕೈ ತೊಳೆದುಕೊಂಡು ತಿರುಗಿದಳು.

"ನಾಚಿಕೆ ಆಗ್ತಿತ್ತು ಅಂತ ಅವತ್ತು ಎಲ್ಲರ ಮುಂದೆ ಹೇಳಿದ್ರಲ್ಲ ಅಮ್ಮ, ಆ ಮಾತಿಗೆ ನಾನು ಹನ್ನೆರಡು ವರ್ಷ ಕಾದಿದೀನಿ. ಪಾಸ್‌ಪೋರ್ಟಿಗೂ ಅಷ್ಟು ಕಾದಿಲ್ಲ. ನೀವು ಅಷ್ಟು ಹೇಳಿದ ಮೇಲೆ ನಾನು ಪಕ್ಕದಲ್ಲೇ ಕೂತ್ಕೊಂಡು ಮಲಗಿದ್ದೆ ಅಂದ್ರೆ, ತಪ್ಪೆಲ್ಲ ನಿಮ್ಮೊಬ್ಬರದೇ ಆಗ್ತಿತ್ತು. ನೀವು ಇಲ್ಲ ಅಂದ್ರಿ, ನಿಜ. ಆದ್ರೆ ಮೇಲೆ ಬಚ್ಚಿಟ್ಟುಕೊಂಡು ಕೂತಿದ್ದು ನಾನು. ಒಂದು ದಿನ ಮೆಟ್ಟಿಲು ಇಳಿದು ಬಂದು ಇಲ್ಲೇ ಇದೀನಿ ಅನ್ನಬಹುದಿತ್ತು."

ನೀಲಮ್ಮನವರು ಸೊಸೆಯನ್ನು ನೋಡುತ್ತ ನಿಂತರು. ಅವಳ ಕಿವಿಯ ಪಕ್ಕ ನಾಲ್ಕಾರು ಕೂದಲು ಬೆಳ್ಳಗಾಗಿದ್ದವು, ಕಣ್ಣಿನ ಕೆಳಗೆ ಗೆರೆಗಳು ಮೂಡಿದ್ದವು. ಈ ಮನೆಗೆ ಬಂದಾಗ ಎಳೆ ಹುಡುಗಿ. ಅವಳ ಓಡುವ ವಯಸ್ಸೆಲ್ಲ ಈ ಮಹಡಿಯ ಮೇಲೆ ಕಳೆದುಹೋಗಿತ್ತು. ಅದರಲ್ಲಿ ತಾವು ತಿಂದುಹಾಕಿದ್ದೆಷ್ಟು ಎನ್ನುವುದು ನೀಲಮ್ಮನವರಿಗೆ ಅಂದು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಹತ್ತಿರ ಹೋಗಿ ಅವಳ ಒದ್ದೆ ಕೈ ಹಿಡಿದುಕೊಂಡರು.

"ಮುಂದಿನ ವರ್ಷ ಓಡ್ತೀಯಲ್ಲ? ಓಡೋಕೆ ಆಗುತ್ತಲ್ಲ?"

ಆಗುತ್ತೆ ಅಮ್ಮ ಎಂದರೆ ಆ ಮುದಿ ಜೀವಕ್ಕೆ ಸಮಾಧಾನವಾಗುತ್ತಿತ್ತು.

"ಗೊತ್ತಿಲ್ಲ ಅಮ್ಮ" ಎಂದಳು ಯೆಶಿ.

ನೀಲಮ್ಮನವರು ಅತ್ತರು. ಯೆಶಿಯೂ ಅತ್ತಳು. ಆಮೇಲೆ ಒಬ್ಬರು ತಟ್ಟಿದರು, ಒಬ್ಬರು ಬೇಯಿಸಿದರು, ರೊಟ್ಟಿ ಬಿಸಿಯಾಗಿದ್ದಾಗಲೇ ಇಬ್ಬರೂ ಅಲ್ಲೇ ನೆಲದ ಮೇಲೆ ಕೂತು ತಿಂದರು.